ದರೆಯ ಮೇಲಿನ ಹೂವಿಗೆ ಬರುವವರು



'ಕಳೆ' ಎಂಬ ಶಬ್ದದ ಅರ್ಥವು ಮಲೆನಾಡಿನಲ್ಲಿ ಈಚಿನ ವರ್ಷಗಳಲ್ಲಿ ಬಹಳ ಹಿಗ್ಗಿದೆ. ಗದ್ದೆಯಲ್ಲಿ ಭತ್ತದ ನಡುವೆ ಎದ್ದ ಹುಲ್ಲನ್ನು ಕಳೆ ಎನ್ನುವುದರಲ್ಲಿ ಯಾರ ತಕರಾರೂ ಇಲ್ಲ. ಅದು ಬೆಳೆಯ ಆಹಾರವನ್ನು ಕಸಿಯುತ್ತದೆ, ಕೀಳಲೇಬೇಕು. ಆದರೆ ರಸ್ತೆಬದಿಯ ದರೆಯ ಮೇಲೆ ಅರಳುವ ನೆಕ್ಕರಿಕೆ, ಅಗಳದ ಅಂಚಿನ ತುಂಬೆ, ಬೇಣದ ಗಿಜಿಗಿಜಿ ಗಿಡ, ಬೇಲಿಗೆ ಹಬ್ಬಿದ ಈಶ್ವರಿ ಬಳ್ಳಿ ಇವೆಲ್ಲವೂ ಈಗ ಅದೇ ಹೆಸರಿನಡಿ ಬಂದು ಸೇರಿವೆ. ಹಿಂದೆ ಕತ್ತಿ ಹಿಡಿದ ಕೈಗೆ ದಣಿವು ಎಂಬುದಿತ್ತು. ಸವರಿದಷ್ಟು ಸವರಿ, ಉಳಿದುದನ್ನು ಬಿಟ್ಟು ಮನೆಗೆ ಹೋಗುತ್ತಿದ್ದರು. ಪೆಟ್ರೋಲಿನಿಂದ ಓಡುವ ಕತ್ತರಿಸುವ ಯಂತ್ರಕ್ಕೂ, ಬೆನ್ನಿಗೆ ಕಟ್ಟಿದ ಕಳೆನಾಶಕದ ಡಬ್ಬಿಗೂ ಆ ದಣಿವು ಇಲ್ಲ. ತೋಟದೊಳಗಿನ ಕೆಲಸ ಮುಗಿದ ಮೇಲೆ ಡಬ್ಬಿಯಲ್ಲಿ ಉಳಿದ ಔಷಧಿಯನ್ನು ಬೇಲಿಯ ಸಾಲಿಗೂ ದರೆಗೂ ಹೊಡೆದು ಖಾಲಿ ಮಾಡುವ ರೂಢಿ ಹಲವು ಕಡೆ ಬೆಳೆದಿದೆ. ಹೀಗೆ ಒಣಗಿಹೋಗುವ ಗಿಡಗಳ ಹೂವಿಗೆ ಯಾರು ಬರುತ್ತಾರೆ, ಬಂದವರಿಗೂ ತೋಟದ ಫಸಲಿಗೂ ಏನು ಸಂಬಂಧ ಎಂಬುದನ್ನು ವಿಚಾರಿಸುವುದೇ ಈ ಉಪನ್ಯಾಸದ ಉದ್ದೇಶ.

ಮೊದಲು ನೆಕ್ಕರಿಕೆಯನ್ನೇ ತೆಗೆದುಕೊಳ್ಳಬಹುದು. ಅದರ ಹಣ್ಣು ತಿಂದು ನಾಲಗೆ ಕಪ್ಪು ಮಾಡಿಕೊಳ್ಳದ ಮಕ್ಕಳು ಮಲೆನಾಡಿನಲ್ಲಿ ವಿರಳ. ಅದರ ನೇರಳೆ ಬಣ್ಣದ ಹೂವಿನಲ್ಲಿ ಮಕರಂದ ಇರುವುದಿಲ್ಲ. ಬರುವ ಕೀಟಕ್ಕೆ ಅದು ಕೊಡುವುದು ಪರಾಗವನ್ನು ಮಾತ್ರ, ಅದನ್ನೂ ಸುಲಭವಾಗಿ ಕೊಡುವುದಿಲ್ಲ. ಬೇರೆ ಹೂವುಗಳಲ್ಲಿ ಪರಾಗಕೋಶ ಉದ್ದಕ್ಕೆ ಸೀಳಿಕೊಂಡು ಪುಡಿ ಹೊರಚೆಲ್ಲಿದರೆ, ನೆಕ್ಕರಿಕೆಯಲ್ಲಿ ಕೋಶದ ತುದಿಗೆ ಒಂದು ಸಣ್ಣ ರಂಧ್ರ ಮಾತ್ರ ಉಂಟು. ಉಪ್ಪಿನ ಡಬ್ಬಿಯಿಂದ ಉಪ್ಪು ಉದುರಿಸುವ ಹಾಗೆ ಅದನ್ನು ಅಲುಗಿಸಬೇಕು. ಕಪ್ಪು ಮೈಯ ದೊಡ್ಡ ದುಂಬಿ ಹೂವನ್ನು ಕಾಲುಗಳಿಂದ ಅಪ್ಪಿ ಹಿಡಿದು, ರೆಕ್ಕೆ ಬಡಿಯದೆಯೇ ಎದೆಯ ಸ್ನಾಯುಗಳನ್ನು ಕಂಪಿಸುತ್ತದೆ. ಆಗ 'ಗುಂಯ್' ಎಂಬ ದನಿ ಒಮ್ಮೆಲೇ ಏರುತ್ತದೆ, ಪರಾಗ ಅದರ ಹೊಟ್ಟೆಯ ಮೇಲೆ ಉದುರುತ್ತದೆ. ಹೊಟ್ಟೆಗೆ ನೀಲಿ ಪಟ್ಟೆಗಳಿರುವ ಒಂಟಿ ಜೇನು ಸಹ ಇದೇ ವಿದ್ಯೆಯನ್ನು ಬಲ್ಲದು. ಪೆಟ್ಟಿಗೆಯಲ್ಲಿ ಸಾಕುವ ತುಡುವೆ ಜೇನಿಗೆ ಇದು ಬಾರದು.

ಕೇಳುವವರಿಗೆ ಇದು ಕಾಡುಗಿಡವೊಂದರ ಕೌತುಕ ಎನ್ನಿಸಬಹುದು. ಹಿತ್ತಲಿನ ಬದನೆಯ ಹೂವನ್ನು ಬಿಡಿಸಿ ನೋಡಿರಿ. ಅದರ ಹಳದಿ ಪರಾಗಕೋಶಗಳ ತುದಿಯಲ್ಲಿಯೂ ಅದೇ ರಂಧ್ರವಿದೆ. ಟೊಮೆಟೊ ಹೂವಿನದೂ ಇಂಥದೇ ಕಥೆ. ಗಾಳಿಯ ಅಲುಗಾಟದಿಂದ ಅಲ್ಪಸ್ವಲ್ಪ ಕೆಲಸ ನಡೆದೀತು. ಆದರೆ ಕಾಯಿ ತುಂಬಿ ಬರಲು ಈ ಕಂಪಿಸುವ ಜೇನುಗಳ ನೆರವು ದೊಡ್ಡದು. ದರೆಯ ನೆಕ್ಕರಿಕೆ ಅವುಗಳಿಗೆ ಅನ್ನ ಹಾಕುವ ಮನೆ, ಹಿತ್ತಲಿನ ಬದನೆ ಅವು ಕೆಲಸಕ್ಕೆ ಬರುವ ಮನೆ. ನೀಲಿ ಪಟ್ಟೆಯ ಜೇನಿನ ವಾಸ ಎಲ್ಲಿ ಎಂದರೆ, ಮಣ್ಣಿನಲ್ಲಿ. ದರೆಯ ಒಣ ಮೈಯಲ್ಲಿ, ಹಳೆಯ ಮಣ್ಣುಗೋಡೆಯಲ್ಲಿ ಬೆರಳು ತೂರದಷ್ಟು ಬಿಲ ಕೊರೆದು ಒಂದೊಂದು ಹೆಣ್ಣೂ ತನ್ನ ಸಂಸಾರವನ್ನು ತಾನೇ ನಡೆಸುತ್ತದೆ. ಅದಕ್ಕೆ ರಾಣಿಯಿಲ್ಲ, ಪಡೆಯಿಲ್ಲ, ಕೊಯ್ಯಲು ತುಪ್ಪವೂ ಇಲ್ಲ. ಮಣ್ಣಿನ ಗೋಡೆಗಳು ಸಿಮೆಂಟಿಗೆ ತಿರುಗಿದ ಮೇಲೆ ಅದಕ್ಕೆ ಉಳಿದ ಆಸರೆಗಳಲ್ಲಿ ದರೆಯೇ ಮುಖ್ಯ. ಜೆಸಿಬಿ ಯಂತ್ರವು ದರೆಯನ್ನು ಕೆರೆದು ನುಣುಪು ಮಾಡುವಾಗ ಯಾರ ಲೆಕ್ಕಕ್ಕೂ ಬಾರದ ಈ ಮನೆಗಳು ಕೆಳಗಿಳಿದು ಚರಂಡಿ ಸೇರುತ್ತವೆ.

ಏಲಕ್ಕಿಯ ಸಂಗತಿ ಇದಕ್ಕಿಂತ ಬಿಗಿಯಾದದ್ದು. ಏಲಕ್ಕಿ ಹೂವಿನ ಆಯುಷ್ಯ ಒಂದೇ ದಿನ. ಬೆಳಗಿನ ಜಾವಕ್ಕೆ ಅರಳಿದ್ದು ಆ ಹಗಲಿನಲ್ಲಿ ಪರಾಗ ಪಡೆಯದಿದ್ದರೆ ಕಾಯಿ ಕಟ್ಟದೆ ಉದುರುತ್ತದೆ. ಒಂದೇ ಹೂವಿನ ಪರಾಗ ಅದೇ ಹೂವಿಗೆ ಒಗ್ಗುತ್ತದೆಯಾದರೂ, ಹೂವಿನ ರಚನೆ ಹೇಗಿದೆಯೆಂದರೆ ಹೊರಗಿನವರು ಯಾರಾದರೂ ಬಂದು ಮುಟ್ಟಿಸದೆ ಕೆಲಸ ಆಗುವುದಿಲ್ಲ. ಬಿಳಿಯ ಎಸಳಿನ ಮೇಲೆ ನೇರಳೆ ಗೆರೆಗಳು ಒಳಮುಖವಾಗಿ ಓಡುವುದನ್ನು ತಾವೆಲ್ಲ ಕಂಡಿದ್ದೀರಿ. ಬಂದ ಕೀಟಕ್ಕೆ ಮಕರಂದದ ದಾರಿ ತೋರಿಸುವ ಗುರುತು ಅದು. ತೋಟಗಳಲ್ಲಿ ತುಡುವೆ, ಹೆಜ್ಜೇನು, ಮಿಸರಿ ಜೇನುಗಳು ಈ ದಾರಿ ಹಿಡಿಯುತ್ತವೆ. ಕಾಡಿನಲ್ಲಿ ತಾನಾಗಿ ಬೆಳೆದ ಏಲಕ್ಕಿಗೆ ಮುಖ್ಯವಾಗಿ ಬರುವವು ಒಂಟಿ ಜೇನುಗಳು; ಮೇಲೆ ಹೇಳಿದ ನೀಲಿ ಪಟ್ಟೆಯ ಬಳಗವೂ ಅವುಗಳಲ್ಲಿ ಸೇರಿದೆ. ಏಲಕ್ಕಿಯ ಹೂಗಾಲವಾದರೋ ಮಳೆಗಾಲದ ನಡುವೆ ಬರುತ್ತದೆ. ಮಳೆ ಹೊಳವಾದ ಒಂದೆರಡು ಗಳಿಗೆಗಳಲ್ಲಿಯೇ ಇಡೀ ದಿನದ ಕೆಲಸ ಮುಗಿಯಬೇಕು. ಆ ಹೊತ್ತಿಗೆ ಜೇನು ಹತ್ತಿರದಲ್ಲಿಯೇ ಇರಬೇಕು. ಮೂರು ಊರು ಆಚೆಯಿಂದ ಬರುವುದು ಸಾಧ್ಯವಿಲ್ಲ.

ಕಾಫಿಯಲ್ಲಿ ಅರೇಬಿಕಾ ತನ್ನ ಪರಾಗದಿಂದಲೇ ಕಾಯಿ ಕಟ್ಟಬಲ್ಲದು. ರೊಬಸ್ಟಾ ಹಾಗಲ್ಲ, ಅದಕ್ಕೆ ಬೇರೊಂದು ಗಿಡದ ಪರಾಗ ಬೇಕು. ಅದನ್ನು ತರುವವರು ಗಾಳಿ ಮತ್ತು ಜೇನು. ಹೂಮಳೆ ಬಿದ್ದು ಎಂಟು ಹತ್ತು ದಿನಕ್ಕೆ ಬೆಟ್ಟವೇ ಬೆಳ್ಳಗಾಗುತ್ತದೆ, ಎರಡು ಮೂರು ದಿನದಲ್ಲಿ ಎಲ್ಲವೂ ಬಾಡುತ್ತದೆ. ಆ ದಿನಗಳಲ್ಲಿ ಹೆಜ್ಜೇನಿನ ಮೊರೆತ ಕೇಳಿದ ಬೆಳೆಗಾರರಿಗೆ ಜೇನಿನ ಬೆಲೆಯನ್ನು ಬೇರೆ ಹೇಳಬೇಕಾಗಿಲ್ಲ. (ಅಡಿಕೆ ಹೆಚ್ಚಾಗಿ ಗಾಳಿಯನ್ನು ನಂಬಿದ ಮರ. ಅದರ ಮಾತು ಇಲ್ಲಿ ಬೇಡ.)

ಪ್ರಶ್ನೆ ಇರುವುದು ಆಮೇಲಿನ ದಿನಗಳದ್ದು. ಕಾಫಿ ಕೊಡುವುದು ಮೂರು ದಿನದ ಊಟ, ಏಲಕ್ಕಿ ಕೊಡುವುದು ಕೆಲವು ತಿಂಗಳ ಊಟ. ಜೇನಿಗೆ ಹೊಟ್ಟೆಯಿರುವುದು ವರ್ಷದ 365 ದಿನವೂ. ಉಳಿದ ದಿನಗಳನ್ನು ಅದು ಕಳೆಯುವುದು ಮಲೆನಾಡಿಗರು ನೆಟ್ಟಿಲ್ಲದ, ನೀರು ಹಾಕಿಲ್ಲದ ಗಿಡಮರಗಳ ಮೇಲೆ. ಮಳೆಗಾಲದಲ್ಲಿ ಒದ್ದೆ ದರೆಯ ಕರ್ಣಕುಂಡಲಗಳು, ಮಳೆ ಹಿಂದಾದ ಮೇಲೆ ತುಂಬೆ ಮತ್ತು ಗಿಜಿಗಿಜಿ, ಬೇಸಗೆಯ ಬಾಯಿಗೆ ಮಾವು, ನೇರಳೆ. ಈ ಸರಪಣಿಯಲ್ಲಿ ಒಂದು ಕೊಂಡಿ ತಪ್ಪಿದರೂ ಆ ತಿಂಗಳು ಉಪವಾಸ. ತುಡುವೆ ಜೇನು ಹಸಿದರೆ ಗೂಡು ಬಿಟ್ಟು ಹಾರಿಹೋಗುತ್ತದೆ ಎಂಬುದನ್ನು ಪೆಟ್ಟಿಗೆ ಇಟ್ಟವರೆಲ್ಲ ಬಲ್ಲರು. ಈ ಜೇನು ಹಿಂದೆಯೇ ಒಂದು ದೊಡ್ಡ ಪೆಟ್ಟು ತಿಂದಿದೆ. 1991-92ರ ಸುಮಾರಿಗೆ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಸ್ ರೋಗವು ಕರ್ನಾಟಕ, ಕೇರಳಗಳ ತುಡುವೆ ಸಂಸಾರಗಳಲ್ಲಿ ಬಹುಪಾಲನ್ನು ನಾಶ ಮಾಡಿತು. ಎಷ್ಟೋ ಮನೆಗಳ ಅಟ್ಟದ ಮೇಲೆ ಖಾಲಿ ಪೆಟ್ಟಿಗೆಗಳು ಉಳಿದದ್ದು ಆಗಲೇ. ರೋಗ ಬಾರದಂತೆ ತಡೆಯುವುದು ಹಳ್ಳಿಗರ ಕೈಯಲ್ಲಿರಲಿಲ್ಲ. ಹಸಿವನ್ನು ತಡೆಯುವುದು ಅವರ ಕೈಯಲ್ಲಿದೆ.

ಇನ್ನು ಚಿಟ್ಟೆಗಳ ವಿಷಯ. ಪಶ್ಚಿಮ ಘಟ್ಟಗಳಲ್ಲಿ ಮುನ್ನೂರಕ್ಕೂ ಹೆಚ್ಚು ಬಗೆಯ ಚಿಟ್ಟೆಗಳಿವೆ. ಹೂವಿನ ಮೇಲೆ ಕುಳಿತ ಚಿಟ್ಟೆಯನ್ನು ನೋಡಿ ಸಂತೋಷಪಡುವವರು ಅದು ಹುಟ್ಟಿದ್ದು ಎಲ್ಲಿ ಎಂದು ಕೇಳುವುದು ಕಡಿಮೆ. ಚಿಟ್ಟೆಗೆ ಎರಡು ಗಿಡ ಬೇಕು. ಕಂಬಳಿಹುಳವಾಗಿದ್ದಾಗ ಮೇಯಲು ಒಂದು, ರೆಕ್ಕೆ ಬಂದ ಮೇಲೆ ಮಕರಂದ ಹೀರಲು ಇನ್ನೊಂದು. ಎರಡನೆಯದರಲ್ಲಿ ಅದು ಹಟಮಾರಿಯಲ್ಲ, ಯಾವ ಹೂವಾದರೂ ನಡೆದೀತು. ಮೊದಲನೆಯದರಲ್ಲಿ ಮಾತ್ರ ಬಹಳ ಕಟ್ಟುನಿಟ್ಟು. ಕರ್ನಾಟಕದ ರಾಜ್ಯ ಚಿಟ್ಟೆಯಾದ ಸದರ್ನ್ ಬರ್ಡ್‌ವಿಂಗ್ ರೆಕ್ಕೆ ಬಿಚ್ಚಿದರೆ 14ರಿಂದ 19 ಸೆಂಟಿಮೀಟರ್ ಅಗಲ. ಕಪ್ಪು ಮತ್ತು ಹೊಂಬಣ್ಣದ ಆ ದೊಡ್ಡ ಚಿಟ್ಟೆ ಮರಗಳ ಎತ್ತರದಲ್ಲಿ ಹಕ್ಕಿಯಂತೆ ತೇಲಿ, ಕೇಪಳದ ಹೂವಿಗೂ ಬೆಳ್ಳಟ್ಟೆಯ ಹೂವಿಗೂ ಇಳಿಯುತ್ತದೆ. ಅದು ಮೊಟ್ಟೆ ಇಡುವುದು ಈಶ್ವರಿ ಬಳ್ಳಿಯ ಮೇಲೆ ಅಥವಾ ಅದೇ ಕುಟುಂಬದ ಒಂದೆರಡು ಕಾಡುಗಿಡಗಳ ಮೇಲೆ ಮಾತ್ರ. ಬೇರೆ ಸೊಪ್ಪು ಕೊಟ್ಟರೆ ಮರಿ ಸಾಯುತ್ತದೆಯೇ ಹೊರತು ಮುಟ್ಟುವುದಿಲ್ಲ. ಈ ಬಳ್ಳಿಯಲ್ಲಿರುವ ವಿಷವನ್ನು ಕಂಬಳಿಹುಳ ತನ್ನ ಮೈಯಲ್ಲಿ ಕೂಡಿಟ್ಟುಕೊಳ್ಳುತ್ತದೆ, ಚಿಟ್ಟೆಯಾದ ಮೇಲೂ ಅದು ಉಳಿಯುತ್ತದೆ. ಒಮ್ಮೆ ಕಚ್ಚಿ ನೋಡಿದ ಹಕ್ಕಿ ಮತ್ತೆ ಆ ಬಣ್ಣದ ತಂಟೆಗೆ ಹೋಗುವುದಿಲ್ಲ.

ಅದೇ ಬಳ್ಳಿಯನ್ನು ಮೇಯುವ ಕ್ರಿಮ್ಸನ್ ರೋಸ್, ಕಾಮನ್ ರೋಸ್ ಎಂಬ ಕೆಂಪು ಮೈಯ ಚಿಟ್ಟೆಗಳೂ ಉಂಟು. ಇಲ್ಲಿ ಒಂದು ವಿನೋದವಿದೆ. ಮನೆಯಂಗಳದ ಕರಿಬೇವು, ನಿಂಬೆ, ಕಂಚಿ ಗಿಡಗಳಲ್ಲಿ ಹಕ್ಕಿಯ ಹಿಕ್ಕೆಯಂತೆ ಕಾಣುವ ಮರಿಗಳನ್ನು ತಾಯಂದಿರು ಕಂಡಿರುತ್ತಾರೆ. ಅವುಗಳಲ್ಲಿ ಕೆಲವು ಕಾಮನ್ ಮಾರ್ಮನ್ ಎಂಬ ಚಿಟ್ಟೆಯಾಗುತ್ತವೆ. ಅದಕ್ಕೆ ವಿಷವಿಲ್ಲ. ಆದರೆ ಅದರ ಹೆಣ್ಣುಗಳಲ್ಲಿ ಹಲವು ಆ ವಿಷದ ಚಿಟ್ಟೆಗಳ ವೇಷವನ್ನೇ ಹಾಕಿ ಬದುಕುತ್ತವೆ. ಬೇಲಿಯ ಈಶ್ವರಿ ಬಳ್ಳಿ ಒಣಗಿ ಅಸಲಿ ಚಿಟ್ಟೆ ಇಲ್ಲವಾದರೆ ಈ ವೇಷಕ್ಕೆ ಬೆಲೆ ಎಲ್ಲಿಯದು? ಮೀನುಸಾರಿಗೆ ಹಾಕುವ ಜುಮ್ಮನಕಾಯಿಯ ಮರವನ್ನು ನಂಬಿದ ಚಿಟ್ಟೆಯೂ ಒಂದಿದೆ, ಹಸಿರುನೀಲಿ ಪಟ್ಟೆಯ ಮಲಬಾರ್ ಬ್ಯಾಂಡೆಡ್ ಪೀಕಾಕ್. ಮೈತುಂಬ ಮುಳ್ಳಿರುವ ಆ ಮರವನ್ನು ತೊಂದರೆಯೆಂದು ಕಡಿಯುವವರಿಗೆ ಈ ಬಾಂಧವ್ಯ ತಿಳಿದಿರುವುದಿಲ್ಲ.

ಲಂಟಾನದ ಮೇಲೆ ಚಿಟ್ಟೆಗಳ ಜಾತ್ರೆಯೇ ನೆರೆದಿರುತ್ತದೆ, ಹಾಗಾದರೆ ಅದು ಒಳ್ಳೆಯ ಗಿಡವಲ್ಲವೇ ಎಂದು ವಿದ್ಯಾರ್ಥಿಗಳು ಕೇಳುವುದುಂಟು. ಪ್ರಶ್ನೆ ಸರಿಯಾದದ್ದೇ. ಲಂಟಾನವು 19ನೇ ಶತಮಾನದ ಆರಂಭದಲ್ಲಿ ಅಲಂಕಾರಕ್ಕೆಂದು ಭಾರತಕ್ಕೆ ಬಂದ ಅಮೆರಿಕ ಖಂಡದ ಗಿಡ. ಅದರ ಹೂವಿನಲ್ಲಿ ಮಕರಂದ ಧಾರಾಳ. ಆದರೆ ಅದರ ಎಲೆ ಇಲ್ಲಿಯ ಚಿಟ್ಟೆಗಳ ಮರಿಗೆ ಮೇವಲ್ಲ. ಲಂಟಾನ ಹಬ್ಬಿದ ಕಡೆ ಮರಿಗಳಿಗೆ ಬೇಕಾದ ಗಿಡಗಳು ಅದರ ನೆರಳಿನಲ್ಲಿ ಸಾಯುತ್ತವೆ. ಅದು ಊಟದ ಹೋಟೆಲು, ಬಾಣಂತನದ ಮನೆಯಲ್ಲ. ಡಿಸೆಂಬರ್ ಹೊತ್ತಿಗೆ ಅರಳುವ ಕಮ್ಯುನಿಸ್ಟ್ ಗಿಡಕ್ಕೂ ಬಹುಮಟ್ಟಿಗೆ ಇದೇ ಮಾತು ಸಲ್ಲುತ್ತದೆ. ಹೂವಿನ ಮೇಲೆ ಎಷ್ಟು ಚಿಟ್ಟೆ ಕುಳಿತಿವೆ ಎಂಬ ಎಣಿಕೆಯೊಂದರಿಂದಲೇ ಕಾಡು ಚೆನ್ನಾಗಿದೆ ಎಂದು ತೀರ್ಮಾನಿಸುವುದು ಅವಸರದ ಮಾತಾಗುತ್ತದೆ. ಎಲೆಯ ಅಡಿಯಲ್ಲಿ ಎಷ್ಟು ಮೊಟ್ಟೆಯಿವೆ ಎಂಬುದನ್ನೂ ನೋಡಬೇಕು.

ಒಣಗಿದ ಕಾಯಿಯನ್ನು ಅಲುಗಿಸಿದರೆ ಸದ್ದು ಮಾಡುವ ಗಿಜಿಗಿಜಿ ಗಿಡದ ಬಳಿ ಮಳೆಗಾಲ ಮುಗಿದ ಮೇಲೆ ನಿಂತರೆ ವಿಚಿತ್ರವೊಂದು ಕಾಣುತ್ತದೆ. ಕಪ್ಪು ಮೈಗೆ ತಿಳಿನೀಲಿ ಗೆರೆಯ ಚಿಟ್ಟೆಗಳು, ಕಂದು ಬಣ್ಣದ ಕ್ರೋ ಚಿಟ್ಟೆಗಳು ಹೂವನ್ನು ಬಿಟ್ಟು ಬಾಡಿದ ಎಲೆ, ಕಾಂಡ, ಕಾಯಿಗಳಿಗೆ ಗುಂಪಾಗಿ ಅಂಟಿಕೊಂಡಿರುತ್ತವೆ. ಅವುಗಳಲ್ಲಿ ಹೆಚ್ಚಿನವು ಗಂಡು. ಆ ಗಿಡದ ಒಂದು ಬಗೆಯ ಕಹಿ ಸತ್ವವನ್ನು ಹೀರಿ, ಅದರಿಂದಲೇ ಹೆಣ್ಣನ್ನು ಒಲಿಸುವ ಸುವಾಸನೆಯನ್ನೂ ಶತ್ರುವನ್ನು ದೂರವಿಡುವ ಕಹಿಯನ್ನೂ ತಯಾರಿಸಿಕೊಳ್ಳುತ್ತವೆ. ಚೇಳುಕೊಂಡಿ ಗಿಡಕ್ಕೂ ಇದೇ ಕಾರಣಕ್ಕೆ ಬರುತ್ತವೆ. ಈ ಚಿಟ್ಟೆಗಳು ದೊಡ್ಡ ಪ್ರವಾಸಿಗಳೂ ಹೌದು. ನೈಋತ್ಯ ಮುಂಗಾರು ಘಟ್ಟಕ್ಕೆ ಅಪ್ಪಳಿಸುವ ಮುನ್ನ ಸಾವಿರಗಟ್ಟಲೆ ಚಿಟ್ಟೆಗಳು ಪೂರ್ವದ ಬಯಲುಸೀಮೆಯತ್ತ ಹಾರುತ್ತವೆ, ಮಳೆ ಮುಗಿದ ಮೇಲೆ ಹೊಸ ತಲೆಮಾರು ಘಟ್ಟದತ್ತ ಮರಳುತ್ತದೆ. ದಕ್ಷಿಣ ಭಾರತದ ಈ ವಲಸೆಯ ಕುರಿತು ಚಿಟ್ಟೆ ವಿಜ್ಞಾನಿ ಕೃಷ್ಣಮೇಘ ಕುಂಟೆಯವರು 2005ರಲ್ಲಿ ಅಧ್ಯಯನವೊಂದನ್ನು ಪ್ರಕಟಿಸಿದರು. ಅಷ್ಟು ದೂರದಿಂದ ಹಿಂದಿರುಗಿದ ಅತಿಥಿಗೆ ಬೇಣದಲ್ಲಿ ಒಂದು ಗಿಜಿಗಿಜಿ ಗಿಡವೂ ಸಿಗದಿದ್ದರೆ ಅದು ಮಲೆನಾಡಿನ ಮರ್ಯಾದೆಗೆ ತಕ್ಕುದಲ್ಲ.

ಏರೋಪ್ಲೇನ್ ಚಿಟ್ಟೆಯೆಂದು ಮಕ್ಕಳು ಕರೆಯುವ ಡ್ರ್ಯಾಗನ್‌ಫ್ಲೈ ಚಿಟ್ಟೆಯಲ್ಲ, ಹೂವಿನ ಮಕರಂದ ಅದಕ್ಕೆ ಬೇಡ. ಹೂವಿಗೆ ಬರುವ ನೊಣ, ಸೊಳ್ಳೆ, ಸಣ್ಣ ಹಾತೆಗಳು ಅದಕ್ಕೆ ಬೇಕು. ಹೂಗಿಡದ ತುದಿಯಲ್ಲಿ ಅದು ಕುಳಿತಿರುವುದು ಹೊಂಚು ಹಾಕಲು. ಅದರ ಬಾಲ್ಯವೆಲ್ಲ ನೀರಿನೊಳಗೆ ಕಳೆಯುತ್ತದೆ, ಅಲ್ಲಿ ಸೊಳ್ಳೆಯ ಮರಿಗಳೇ ಅದಕ್ಕೆ ಒಳ್ಳೆಯ ಆಹಾರ. ಮಳೆ ಕಡಿಮೆಯಾಗುವ ದಿನಗಳಲ್ಲಿ ಗದ್ದೆಬಯಲಿನ ಮೇಲೆ ಗುಂಪುಗುಂಪಾಗಿ ತೇಲುವ ಹಳದಿ ಮೈಯ ಜಾತಿಯೊಂದಿದೆ. ಮಳೆಗಾಲದ ತಾತ್ಕಾಲಿಕ ಹೊಂಡಗಳಲ್ಲಿ ಕೆಲವೇ ವಾರಗಳಲ್ಲಿ ಬೆಳೆದು ಹೊರಬರುವ ಈ ಕೀಟ ಹಿಂದೂ ಮಹಾಸಾಗರವನ್ನು ದಾಟಿ ಆಫ್ರಿಕಕ್ಕೆ ಹೋಗುತ್ತದೆ ಎಂದು ಮಾಲ್ಡೀವ್ಸ್‌ನಲ್ಲಿದ್ದ ಜೀವವಿಜ್ಞಾನಿ ಚಾರ್ಲ್ಸ್ ಆ್ಯಂಡರ್ಸನ್ 2009ರಲ್ಲಿ ಪ್ರತಿಪಾದಿಸಿದರು. ಸಿಹಿನೀರಿನ ಹೊಂಡಗಳೇ ವಿರಳವಾದ ಆ ದ್ವೀಪಗಳಿಗೆ ಪ್ರತಿವರ್ಷ ಅಕ್ಟೋಬರಿನಲ್ಲಿ ಲಕ್ಷಗಟ್ಟಲೆ ಬಂದಿಳಿಯುವುದು ಎಲ್ಲಿಂದ ಎಂಬ ಪ್ರಶ್ನೆಯಿಂದ ಅವರ ಶೋಧ ಆರಂಭವಾಯಿತು. ಹೊಂಡ ಮುಚ್ಚಿದರೆ, ಅಥವಾ ಕಳೆನಾಶಕದ ಡಬ್ಬಿಯನ್ನು ಅದರಲ್ಲಿ ತೊಳೆದರೆ, ಈ ಪ್ರಯಾಣದ ಮೊದಲ ಮೆಟ್ಟಿಲೇ ಇಲ್ಲವಾಗುತ್ತದೆ.

ಗುರ್ಗಿಯ ಬಗ್ಗೆ ಒಂದು ಮಾತು ಹೇಳದೆ ಮುಂದುವರಿಯಲಾಗದು. ಈ ಕುಲದ ಹಲವು ಗಿಡಗಳು ವರ್ಷಗಟ್ಟಲೆ ಬರಿಯ ಎಲೆಯಾಗಿದ್ದು, ಎಲ್ಲವೂ ಏಕಕಾಲಕ್ಕೆ ಒಮ್ಮೆ ಹೂಬಿಟ್ಟು, ಬೀಜ ಕಟ್ಟಿ ಸಾಯುತ್ತವೆ. ಹನ್ನೆರಡು ವರ್ಷದ ನೀಲಕುರಿಂಜಿ ಮೂನಾರಿನಲ್ಲಿ 2006ರಲ್ಲಿ, ಬಳಿಕ 2018ರಲ್ಲಿ ಅರಳಿತು. 2022ರಲ್ಲಿ ಚಿಕ್ಕಮಗಳೂರಿನ ಚಂದ್ರದ್ರೋಣ ಪರ್ವತಸಾಲು ನೀಲಿಯಾದಾಗ ನೋಡಲು ಜನ ಮುಗಿಬಿದ್ದರು. ನೋಡುವುದು ತಪ್ಪಲ್ಲ. ಆದರೆ ಆ ಗಿಡಕ್ಕೆ ಜನ್ಮದಲ್ಲಿ ಸಿಗುವುದು ಒಂದೇ ಹೂಗಾಲ. ಆ ಕೆಲವು ವಾರಗಳಲ್ಲಿ ಜೇನು ಬಂದು ಮುಟ್ಟದಿದ್ದರೆ, ಅಥವಾ ಹೂವಿನ ಗೊಂಚಲು ಛಾಯಾಚಿತ್ರಕ್ಕಾಗಿ ಕಿತ್ತು ಕಾರಿನ ಮುಂಭಾಗ ಸೇರಿದರೆ, ಆ ಗಿಡದ ಬೀಜ ನೆಲಕ್ಕೆ ಬೀಳುವುದೇ ಇಲ್ಲ. ಮುಂದಿನ ವರ್ಷ ನೋಡೋಣ ಎನ್ನುವ ಅವಕಾಶ ಅದಕ್ಕಿಲ್ಲ.

ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ಉತ್ತರ ಅಷ್ಟು ಕಠಿಣವಾದುದಲ್ಲ. ಯಾರೂ ತೋಟವನ್ನು ಕಾಡಾಗಲು ಬಿಡಬೇಕಾಗಿಲ್ಲ. ಕೆಲಸಕ್ಕೆ ಜನ ಸಿಗದ ಕಷ್ಟವನ್ನು ಅರಿಯದೆ ಯಂತ್ರವನ್ನು ಹಳಿಯುವುದೂ ನ್ಯಾಯವಲ್ಲ. ಕತ್ತರಿಸಿದ ಗಿಡ ಬುಡದಿಂದ ಮತ್ತೆ ಚಿಗುರುತ್ತದೆ, ಕಳೆನಾಶಕ ಬಿದ್ದ ಗಿಡ ಬೇರು ಸಹಿತ ಸಾಯುತ್ತದೆ. ಆದುದರಿಂದ ಎರಡರ ನಡುವೆ ಆರಿಸಬೇಕಾದಲ್ಲಿ ಕತ್ತರಿಸುವುದೇ ಮೇಲು. ಗ್ಲೈಫೊಸೇಟ್ ಸಿಂಪಡಣೆಯನ್ನು ಪರವಾನಗಿ ಪಡೆದ ಕೀಟನಿಯಂತ್ರಕರಿಗೆ ಮಾತ್ರ ಸೀಮಿತಗೊಳಿಸುವ ಆದೇಶವನ್ನು ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ ಹೊರಡಿಸಿತು. ಆದೇಶದ ಮಾತು ಹೇಗೂ ಇರಲಿ, ದರೆ, ಬೇಣ, ಅಗಳದ ಏರಿ ಇವುಗಳಲ್ಲಿ ಬೆಳೆಯೇ ಇಲ್ಲ. ಅಲ್ಲಿ ಕಳೆನಾಶಕ ಹೊಡೆಯುವುದರಿಂದ ರಕ್ಷಣೆಯಾಗುವುದು ಯಾವುದಕ್ಕೆ? ಸವರಲೇಬೇಕಾದ ರಸ್ತೆಯಂಚನ್ನು ಒಂದೇ ಸಲ ಎರಡೂ ಬದಿ ಸವರದೆ, ಒಂದು ಬದಿಯನ್ನು ಹೂ ಮುಗಿದು ಬೀಜ ಉದುರುವವರೆಗೆ, ಅಂದರೆ ಡಿಸೆಂಬರ್ ಕೊನೆಯವರೆಗೆ ಬಿಡಬಹುದು. ತಿರುವುಗಳಲ್ಲಿ ವಾಹನದ ನೋಟಕ್ಕೆ ಅಡ್ಡ ಬರುವಷ್ಟನ್ನು ತೆಗೆದರೆ ಸಾಕು. ಸೊಪ್ಪಿನ ಬೆಟ್ಟದಲ್ಲಿ ಸೊಪ್ಪು ಕಡಿಯುವಾಗ ಈಶ್ವರಿ ಬಳ್ಳಿ ಹಬ್ಬಿದ ಗಿಡವನ್ನು ಬಿಟ್ಟು ಮುಂದಿನದಕ್ಕೆ ಕತ್ತಿ ಹಾಕಬಹುದು. ತೋಟಕ್ಕೆ ಕೀಟನಾಶಕ ಹೊಡೆಯಲೇಬೇಕಾದರೆ ಹೂ ಅರಳಿದ ದಿನಗಳನ್ನೂ ಬೆಳಗಿನ ಹೊತ್ತನ್ನೂ ತಪ್ಪಿಸುವುದು ಜಾಣತನ. ಗ್ರಾಮಸಭೆಯಲ್ಲಿ ರಸ್ತೆಬದಿ ಸ್ವಚ್ಛಗೊಳಿಸುವ ಕಾಮಗಾರಿಯ ಮಾತು ಬಂದಾಗ ಅದು ಯಾವ ತಿಂಗಳಿನಲ್ಲಿ ನಡೆಯಬೇಕು ಎಂಬುದನ್ನು ಕೇಳಿ ನಡಾವಳಿಯಲ್ಲಿ ಬರೆಯಿಸುವ ಹಕ್ಕು ಪ್ರತಿಯೊಬ್ಬ ಗ್ರಾಮಸ್ಥರಿಗೂ ಇದೆ.

ವಿದ್ಯಾರ್ಥಿಗಳಿಗೆ ಒಂದು ಕೆಲಸ. ಶಾಲೆಯ ದಾರಿಯಲ್ಲಿ ಒಂದು ಗಿಡವನ್ನು ಆರಿಸಿಕೊಳ್ಳಿರಿ, ತುಂಬೆಯಾದರೂ ಸರಿ, ನೆಕ್ಕರಿಕೆಯಾದರೂ ಸರಿ. ವಾರಕ್ಕೊಮ್ಮೆ ಅದರ ಮುಂದೆ ಹತ್ತು ನಿಮಿಷ ಸುಮ್ಮನೆ ನಿಂತು, ಬಂದವರನ್ನು ಪುಸ್ತಕದಲ್ಲಿ ಗುರುತು ಹಾಕಿರಿ. ಹೆಸರು ತಿಳಿಯದಿದ್ದರೆ ಚಿಂತೆಯಿಲ್ಲ, ಬಣ್ಣ, ಗಾತ್ರ, ಕುಳಿತಾಗ ರೆಕ್ಕೆ ಮಡಚಿತೇ ಬಿಚ್ಚಿತೇ ಎಂಬುದನ್ನು ಬರೆದರೆ ಸಾಕು. ಬಂದದ್ದು ಮಕರಂದಕ್ಕೋ, ಪರಾಗಕ್ಕೋ, ಎಲೆಗೋ, ಬೇಟೆಗೋ ಎಂಬುದನ್ನು ಬೇರೆ ಬೇರೆ ಸಾಲುಗಳಲ್ಲಿ ಬರೆಯಿರಿ. ತಾರೀಖು, ಹೊತ್ತು, ಮಳೆಯೋ ಬಿಸಿಲೋ ಎಂಬುದು ತಪ್ಪಬಾರದು. ಗಿಡವನ್ನು ಯಾರಾದರೂ ಸವರಿದರೆ ಅಥವಾ ಅದರ ಮೇಲೆ ಔಷಧಿ ಬಿದ್ದರೆ ಆ ದಿನವನ್ನೂ ಗುರುತಿಸಿ, ಮತ್ತೆ ಚಿಗುರಿತೇ, ಮೊದಲು ಬಂದ ಕೀಟ ಯಾವುದು, ಎಷ್ಟು ದಿನದ ಮೇಲೆ ಬಂತು ಎಂಬುದನ್ನು ಬರೆಯುತ್ತ ಹೋಗಿರಿ. ವರ್ಷದ ಕೊನೆಗೆ ಆ ಪುಸ್ತಕವನ್ನು ಗ್ರಾಮಸಭೆಗೆ ತನ್ನಿ.